‘ಕ್ಷಮಿಸ್’ ಎಂಬಲ್ಲಿಗೆ ಕಡಿದುಹೋದ ಕರೆಯ ಕುರಿತು ಒಂದು ದೂರು

ಗ್ರಾಹಕ ಸಂತೋಷ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಾವೂ ತಮ್ಮ ಸಿಬ್ಬಂದಿ ವರ್ಗದವರೂ ಕ್ಷೇಮವಾಗಿದ್ದೀರೆಂದೂ, ಊರಿನ ನಾಲ್ಕೂ ದಿಕ್ಕಿಗೆ ತಾವು ನೆಟ್ಟಿರುವ ಟವರುಗಳು ಗಾಳಿಗೆ ಬಾಗದೆ ನಿಂತಿವೆಯೆಂದೂ, ಅವುಗಳ ನೆತ್ತಿಯ ಕೆಂಪು ದೀಪಗಳು ಕಣ್ಣು ಮಿಟುಕಿಸುವುದನ್ನು ಮರೆತಿಲ್ಲವೆಂದೂ ನಂಬಿ, ಎರಡೂ ಕೈ ಜೋಡಿಸಿ ವಂದಿಸುತ್ತಾ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಇದನ್ನು ತಮಗೆ ಖಾಸಗಿಯಾಗಿಯೇ ಕಳಿಸುವ ಆಸೆಯಿತ್ತು. ಆದರೆ ತಮ್ಮ ದೂರಿನ ಪುಟ ತೆರೆಯಲು ತಮ್ಮದೇ ಇಂಟರ್ನೆಟ್ ಬೇಕಾಗುವುದರಿಂದ ಬೇರೆ ದಾರಿ ಕಾಣದೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಮನ್ನಿಸಬೇಕು.

ನಾನು ಆರು ವರ್ಷಗಳಿಂದ ತಮ್ಮ ಗ್ರಾಹಕಿ. ವೃತ್ತಿಯಲ್ಲಿ ಕರಡು ತಿದ್ದುವವಳು. ಶಾಲಾ ಪುಸ್ತಕ ಅಚ್ಚು ಮಾಡುವ ಮುದ್ರಣಾಲಯಕ್ಕೆ ಮನೆಯಲ್ಲೇ ಕೂತು ಅಲ್ಪಪ್ರಾಣ ಮಹಾಪ್ರಾಣಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು ನನ್ನ ಕೆಲಸ. ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಹಿಂಭಾಗದ ಎರಡು ಕೋಣೆಗಳ ಮನೆಯಲ್ಲಿ ನಾನೂ ನನ್ನ ತಂದೆಯೂ ವಾಸವಾಗಿದ್ದೇವೆ. ನಮ್ಮ ಕಿಟಕಿಗಳೆಲ್ಲ ಒಳ ಅಂಗಳಕ್ಕೆ ತೆರೆದುಕೊಳ್ಳುತ್ತವೆ. ಅಲ್ಲಿಂದ ನೀರಿನ ಕೊಳವೆಗಳೂ ಎದುರು ಮನೆಯವರ ಒಣಗಿದ ಬಟ್ಟೆಯೂ ಕಾಣುತ್ತವೆ. ತಮ್ಮ ಟವರು ಕಟ್ಟಡದ ಮುಂಭಾಗದ ರಸ್ತೆಯಾಚೆ ಇದೆ. ಅಂದರೆ ತಾವು ನಮ್ಮ ಕಡೆ ಬೆನ್ನು ಹಾಕಿಲ್ಲ, ನಾವೇ ತಮಗೆ ಬೆನ್ನು ಹಾಕಿಕೊಂಡಿದ್ದೇವೆ. ಈ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ತಾವು ಕೊಟ್ಟ ಮನೆ ಇಂಟರ್ನೆಟ್ಟಿನ ಬಿಳಿ ಡಬ್ಬಿ ನಮ್ಮ ಮನೆಯಲ್ಲಿ ಒಬ್ಬ ಗೌರವಾನ್ವಿತ ನೆಂಟನಂತಿದೆ. ಎಲ್ಲಿ ಕೂರಿಸಿದರೂ ಅದಕ್ಕೆ ಸಮಾಧಾನವಿಲ್ಲ, ಏನು ಕೇಳಿದರೂ ಉತ್ತರವಿಲ್ಲ, ಆದರೆ ಮುಖದ ಮೇಲಿನ ಹಸಿರು ದೀಪ ಮಾತ್ರ ಸದಾ ಪ್ರಸನ್ನ. ಇಷ್ಟು ವರ್ಷ ನಾವು ಇದನ್ನು ಸಹಿಸಿಕೊಂಡೇ ಬಂದೆವು. ಸಿನಿಮಾ ಅರ್ಧಕ್ಕೆ ನಿಂತರೆ ಉಳಿದರ್ಧವನ್ನು ನಾನೇ ಊಹಿಸಿ ಅಪ್ಪನಿಗೆ ಹೇಳುತ್ತಿದ್ದೆ. ಹೆಚ್ಚಿನ ಸಲ ನನ್ನದೇ ಚೆನ್ನಾಗಿರುತ್ತಿತ್ತು. ನಾನು ಈಗ ದೂರು ಬರೆಯುತ್ತಿರುವುದು ಸಿನಿಮಾದ ವಿಷಯಕ್ಕಲ್ಲ, ನನ್ನ ಚಿಕ್ಕಪ್ಪನ ಒಂದು ಕ್ರಿಯಾಪದದ ವಿಷಯಕ್ಕೆ.

ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ನನ್ನ ತಂದೆ ಮೂವತ್ನಾಲ್ಕು ವರ್ಷ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೆಲಸ ಮಾಡಿದವರು. ಸಿಗ್ನಲ್ ಎಂಬ ಪದವನ್ನು ತಾವು ಬೇರೆ ಅರ್ಥದಲ್ಲಿ ಬಳಸುತ್ತೀರೆಂದು ಬಲ್ಲೆ. ಅಪ್ಪನ ಇಲಾಖೆಯಲ್ಲಿ ಅದು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ; ಒಂದೂವರೆ ಕಡ್ಡಿ ಎಂಬುದು ಇರಲಿಲ್ಲ. ಅವರಿಗಿಂತ ಐದು ವರ್ಷ ಚಿಕ್ಕವರಾದ ಚಿಕ್ಕಪ್ಪ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಹನ್ನೊಂದು ವರ್ಷಗಳ ಹಿಂದೆ ನಮ್ಮಜ್ಜಿ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿದ್ದಾಗ ಅಪ್ಪ ತಮ್ಮನಿಗೆ ಸುದ್ದಿ ಕಳಿಸಲಿಲ್ಲ. ‘ಅವನು ನಡುಸಮುದ್ರದಲ್ಲಿರ್ತಾನೆ, ಬರೋಕಂತೂ ಆಗಲ್ಲ, ಸುಮ್ನೆ ಯಾಕೆ ಸಂಕಟ’ ಎಂದು ಅವರ ಲೆಕ್ಕ. ಆದರೆ ಹಡಗು ಆ ವಾರವಿಡೀ ರಿಪೇರಿಗೆಂದು ಅರ್ಧ ದಿನದ ದಾರಿಯ ಬಂದರಿನಲ್ಲೇ ನಿಂತಿತ್ತು. ಚಿಕ್ಕಪ್ಪ ಬಂದಾಗ ಎಲ್ಲ ಮುಗಿದಿತ್ತು. ಅವರು ಹೊಸ್ತಿಲ ಹೊರಗೇ ನಿಂತು, ‘ಊರಿನ ರೈಲಿಗೆಲ್ಲ ಸಿಗ್ನಲ್ ಕೊಟ್ಟೆ, ನಂಗೊಂದು ಕೊಡೋಕಾಗಲಿಲ್ವಾ ಅಣ್ಣ?’ ಎಂದು ಕೇಳಿ, ಚೀಲ ಎತ್ತಿಕೊಂಡು ಇಳಿದುಹೋದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಕಳೆದ ತಿಂಗಳು ಚಿಕ್ಕಮ್ಮನಿಂದ ನನಗೊಂದು ಸಂದೇಶ ಬಂತು. ಚಿಕ್ಕಪ್ಪನ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿದೆ, ಮುಂದಿನ ವಾರ ಗುರುವಾರ ಆಪರೇಷನ್, ಅದಾದ ಮೇಲೆ ದನಿ ಎಷ್ಟು ಉಳಿಯುತ್ತದೋ ಡಾಕ್ಟರಿಗೂ ಖಾತ್ರಿಯಿಲ್ಲ. ಆದ್ದರಿಂದ ಅದಕ್ಕೂ ಮುಂಚಿನ ಭಾನುವಾರ ಸಂಜೆ ನಾಲ್ಕಕ್ಕೆ ಅವರು ತಮ್ಮ ದನಿಯಲ್ಲೇ ಅಣ್ಣನೊಡನೆ ಮುಖ ನೋಡಿ ಮಾತಾಡಬೇಕೆಂದಿದ್ದಾರೆ. ಅಪ್ಪನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಕಾಲಿನ ಪ್ಲಾಸ್ಟರನ್ನೇ ಕೆರೆದರು. ಬಲ್ಬ್ ಬದಲಿಸಲು ಸ್ಟೂಲ್ ಹತ್ತಿ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ಅವರು ಚಿಕ್ಕಪ್ಪನ ಊರಿಗಿರಲಿ, ನಮ್ಮ ಕಟ್ಟಡದ ಗೇಟಿಗೂ ಹೋಗುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ, ‘ನಮ್ಮನೇಲಿ ಟವರ್ ಎಲ್ಲಿ ಸಿಗುತ್ತೆ ನೋಡಮ್ಮ’ ಎಂದರು.

ಮಾನ್ಯರೇ, ನಾನು ತಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಬಹಳ ಸೌಜನ್ಯದ ಹುಡುಗಿಯೊಬ್ಬಳು, ‘ಮೇಡಂ, ನಿಮ್ಮ ಏರಿಯಾದಲ್ಲಿ ನೆಟ್‌ವರ್ಕ್ ತುಂಬಾ ಚೆನ್ನಾಗಿದೆ ಅಂತ ತೋರಿಸ್ತಿದೆ’ ಎಂದಳು. ‘ನಾನು ಏರಿಯಾದಲ್ಲಿಲ್ಲಮ್ಮ, ಮನೆಯಲ್ಲಿದೀನಿ’ ಎಂದೆ. ಅವಳು ನಕ್ಕು, ಡಬ್ಬಿಯನ್ನು ಆರಿಸಿ ಮತ್ತೆ ಹಾಕಲು, ಸಿಮ್ಮನ್ನು ತೆಗೆದು ಒಣಬಟ್ಟೆಯಲ್ಲಿ ಒರೆಸಲು, ಡಬ್ಬಿಯನ್ನು ಎತ್ತರದಲ್ಲಿ, ಕಿಟಕಿಯ ಪಕ್ಕದಲ್ಲಿ, ಕಬ್ಬಿಣದ ಬೀರುವಿನಿಂದಲೂ ಮೈಕ್ರೋವೇವಿನಿಂದಲೂ ದೂರದಲ್ಲಿ ಇಡಲು ಹೇಳಿದಳು. ಎರಡು ಕೋಣೆಯ ಮನೆಯಲ್ಲಿ ಬೀರುವಿನಿಂದ ದೂರ ಹೋದರೆ ಮೈಕ್ರೋವೇವ್ ಸಿಗುತ್ತದೆ, ಎರಡರಿಂದಲೂ ದೂರ ಹೋದರೆ ಮೆಟ್ಟಿಲು ಸಿಗುತ್ತದೆ ಎಂದು ವಿವರಿಸುತ್ತಿರುವಾಗಲೇ ಕರೆ ಕಡಿಯಿತು.

ಆಗ ಅಪ್ಪ ಅಧಿಕಾರ ವಹಿಸಿಕೊಂಡರು. ಕ್ಯಾಬಿನ್ನಿನ ಕಾಲದ ಉದ್ದನೆಯ ರಿಜಿಸ್ಟರೊಂದು ಖಾಲಿ ಉಳಿದಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಗೆರೆ ಹಾಕಿದರು. ನಾನು ಬಿಳಿ ಡಬ್ಬಿಯನ್ನು ಕೂಸಿನಂತೆ ಎತ್ತಿಕೊಂಡು, ಹಿಂದೆ ಉದ್ದನೆಯ ವೈರನ್ನು ಎಳೆಯುತ್ತಾ ಮನೆಯೆಲ್ಲ ತಿರುಗಿದೆ. ‘ಅಕ್ಕಿ ಡಬ್ಬದ ಮೇಲೆ?’ ‘ಒಂದು ಕಡ್ಡಿ.’ ‘ಬೀರು ನೆತ್ತಿ?’ ‘ಸೊನ್ನೆ.’ ‘ನೀನು ಬಗ್ಗಬೇಡ, ನೀನು ಬಗ್ಗಿದ್ರೆ ಅದೂ ಬಗ್ಗುತ್ತೆ!’ ಮೂರು ದಿನ, ದಿನಕ್ಕೆ ಆರು ಬಾರಿ ತಪಾಸಣೆ ನಡೆಯಿತು. ಕೊನೆಗೆ ತೀರ್ಮಾನವಾದದ್ದು ಇದು: ನಮ್ಮ ಮನೆಯಲ್ಲಿ ಎರಡು ಕಡ್ಡಿ ನಿಲ್ಲುವ ಏಕೈಕ ಸ್ಥಳ ಸ್ನಾನದ ಮನೆ, ಅದೂ ಡಬ್ಬಿಯನ್ನು ಷವರಿನ ಕೊಳವೆಗೆ ಕಟ್ಟಿ, ಗಾಳಿಕಿಂಡಿಯ ಕಡೆ ಮುಖ ಮಾಡಿಸಿದಾಗ ಮಾತ್ರ. ತಮ್ಮ ಜಾಹೀರಾತಿನಲ್ಲಿ ಒಂದು ಕುಟುಂಬ ಸೋಫಾದ ಮೇಲೆ ಕೂತು ನಗುತ್ತಿರುತ್ತದೆ. ಮುಂದಿನ ಸಲ ಷವರಿನ ಕೆಳಗೆ ಕೂರಿಸಿ ಚಿತ್ರ ತೆಗೆಸಿದರೆ ಸತ್ಯಕ್ಕೆ ಹತ್ತಿರವಾದೀತು.

ಭಾನುವಾರ ಅಪ್ಪ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು, ಮೂರೂವರೆಗೇ ಸ್ನಾನದ ಮನೆಯ ಕುರ್ಚಿಯಲ್ಲಿ ವಿರಾಜಮಾನರಾದರು. ಪ್ಲಾಸ್ಟರ್ ಹಾಕಿದ ಕಾಲನ್ನು ಮಗುಚಿದ ಬಕೆಟ್ಟಿನ ಮೇಲಿಟ್ಟಿದ್ದೆ. ಸರಿಯಾಗಿ ನಾಲ್ಕಕ್ಕೆ ಫೋನಿನಲ್ಲಿ ಚಿಕ್ಕಪ್ಪನ ಮುಖ ಮೂಡಿತು. ಕೂದಲೆಲ್ಲ ಉದುರಿ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಥೇಟ್ ನಮ್ಮಜ್ಜಿಯಂತೆಯೇ ಕಾಣುತ್ತಿದ್ದರು. ಅಪ್ಪನ ಮುಖ ಅರಳಿದ ಪರಿ ನೋಡಿ ನಾನು ಬಾಗಿಲ ಹಿಂದೆ ಸರಿದೆ. ಚಿಕ್ಕಪ್ಪನ ಒಡೆದ ದನಿ ಕೇಳಿಸಿತು: ‘ಆಪರೇಷನ್ನಿಗೆ ಮುಂಚೆ ಒಂದು ಮಾತು ಹೇಳ್ಬೇಕು ಅಣ್ಣ. ಅಮ್ಮನ ವಿಷಯದಲ್ಲಿ ನೀನು ಮಾಡಿದ್ದನ್ನ ನಾನು ಕ್ಷಮಿಸ್—’

ಅಷ್ಟೇ. ಸಕಾರಕ್ಕೆ ಗುಣಿತ ಬರುವ ಮೊದಲೇ ತಮ್ಮ ಸಂಪರ್ಕ ಕಡಿಯಿತು. ಪರದೆಯ ಮೇಲೆ ಚಿಕ್ಕಪ್ಪ ಬಾಯಿ ಅರ್ಧ ತೆರೆದು, ಒಂದು ಕಣ್ಣು ಅರ್ಧ ಮುಚ್ಚಿ, ಕಲ್ಲಾಗಿ ನಿಂತರು.

ಇಲ್ಲಿ ವೃತ್ತಿಧರ್ಮಕ್ಕೆ ಕಟ್ಟುಬಿದ್ದು ಒಂದು ವ್ಯಾಕರಣದ ಮಾತನ್ನು ತಮ್ಮ ಎಂಜಿನಿಯರುಗಳ ಗಮನಕ್ಕೆ ತರಬೇಕಾಗಿದೆ. ನಮ್ಮ ಭಾಷೆಯಲ್ಲಿ ಯಾರು, ಯಾರನ್ನು, ಯಾವಾಗ, ಯಾಕೆ ಎಂಬ ಮೆರವಣಿಗೆಯೆಲ್ಲ ಮುಂದೆ ಹೋಗುತ್ತದೆ. ಹೌದೋ ಅಲ್ಲವೋ ಎಂಬುದು ಕಟ್ಟಕಡೆಗೆ, ಬಾಲದಲ್ಲಿ ಬರುತ್ತದೆ. ‘ಕ್ಷಮಿಸ್’ ಎಂಬುದರ ಮುಂದೆ ‘ಇದೀನಿ’ ಸೇರಿದರೆ ಹನ್ನೊಂದು ವರ್ಷದ ಗಂಟು ಬಿಚ್ಚಿತು, ‘ಅಲ್ಲ’ ಸೇರಿದರೆ ಜನ್ಮಕ್ಕೆ ಬಿಗಿಯಿತು. ತಾವು ತೊಂಬತ್ತೊಂಬತ್ತು ಪಾಲು ಮಾತನ್ನು ಸುರಕ್ಷಿತವಾಗಿ ತಲುಪಿಸಿದ್ದೀರಿ, ಅದಕ್ಕೆ ಆಭಾರಿ. ಆದರೆ ಉಳಿದ ಒಂದು ಪಾಲಿನಲ್ಲೇ ಮನುಷ್ಯ ಇದ್ದ. ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಕಡಿಯುವುದು ಅನಿವಾರ್ಯವಾದಲ್ಲಿ ಪೂರ್ಣವಿರಾಮ ನೋಡಿಕೊಂಡು ಕಡಿಯುವಂತೆ ಟವರುಗಳಿಗೆ ತರಬೇತಿ ಕೊಡಿಸಬೇಕು; ಅದೂ ಆಗದಿದ್ದರೆ ನಾಮಪದಗಳನ್ನಾದರೂ ನುಂಗಿಕೊಳ್ಳಲಿ, ನಾವು ಮನೆಮಂದಿ, ಹೆಸರು ಹೇಗೋ ಊಹಿಸಿಕೊಳ್ಳುತ್ತೇವೆ.

ಅಂದು ಹದಿನೇಳು ಸಲ ಮರುಕರೆ ಮಾಡಿದರೂ ಹತ್ತಲಿಲ್ಲ. ಸೋಮವಾರ ಬೆಳಿಗ್ಗೆ ಚಿಕ್ಕಮ್ಮನ ಸಂದೇಶ ಬಂತು: ‘ನಿನ್ನೆ ತುಂಬಾ ಮಾತಾಡಿ ಗಂಟಲು ನೋವಾಗಿದೆ. ಡಾಕ್ಟರು ಬೈದಿದಾರೆ. ಬುಧವಾರ ನಾಲ್ಕಕ್ಕೆ ಐದು ನಿಮಿಷ ಮಾತ್ರ.’ ನಾನು, ಚಿಕ್ಕಪ್ಪ ಏನಂದರೆಂದು ಬರೆದು ಕೇಳಿಬಿಡಲೇ ಎಂದೆ. ಅಪ್ಪ ಕೆಂಡವಾದರು. ‘ಹನ್ನೊಂದು ವರ್ಷ ಕಾದು, ಅದನ್ನ ಮೆಸೇಜಲ್ಲಿ ತರಿಸ್ಕೋತಾರಾ? ಅವನ ಬಾಯಲ್ಲೇ ಬರ್ಲಿ.’

ಅಲ್ಲಿಂದ ಮೂರು ದಿನ ನಮ್ಮ ಮನೆ ತನಿಖಾ ಕಚೇರಿಯಾಯಿತು. ಕಲ್ಲಾದ ಆ ಮುಖದ ಚಿತ್ರವನ್ನು ನಾನು ಫೋನಿನಲ್ಲಿ ಉಳಿಸಿಕೊಂಡಿದ್ದೆ. ಅಪ್ಪ ಅದನ್ನು ಹಿಗ್ಗಿಸಿ, ಕುಗ್ಗಿಸಿ, ತಲೆಕೆಳಗು ಮಾಡಿ ನೋಡಿದರು. ‘ಅಲ್ಲ ಅನ್ನೋಕೆ ಹೊರಟವನ ಬಾಯಿ ಅಗಲ ಆಗಿರುತ್ತೆ. ಇದು ಅಗಲಾನಾ, ಉದ್ದಾನಾ?’ ಕಾಲಿಗೆ ವ್ಯಾಯಾಮ ಮಾಡಿಸಲು ಬರುವಾಕೆ, ‘ಇದು ಸೀನೋ ಮುಖ ಸಾರ್’ ಎಂದರು. ಕೊರಿಯರಿನವರು ಸಹಿ ಹಾಕಿಸಿಕೊಳ್ಳುವ ಮೊದಲು ಚಿತ್ರ ನೋಡಿ ಅಭಿಪ್ರಾಯ ಹೇಳಬೇಕಾಯಿತು. ‘ಏನೋ ರುಚಿ ನೋಡ್ತಿದಾರೆ’ ಎಂದು ಅವರ ಮತ. ಅಪ್ಪ ಊಟ ಬಿಟ್ಟರು. ರೇಡಿಯೋ ಹಾಕಲಿಲ್ಲ. ಮಂಗಳವಾರ ಮಧ್ಯಾಹ್ನ ನಾನು ಕರಡು ತಿದ್ದುತ್ತಾ ಕೂತಿದ್ದಾಗ, ನನ್ನ ಕಡೆ ನೋಡದೆ, ‘ಅವತ್ತು ಫೋನ್ ಕೈಲಿ ಹಿಡ್ಕೊಂಡಿದ್ದೆ ಕಣಮ್ಮ. ಅವನು ಅಳೋದು ಕೇಳೋಕೆ ಧೈರ್ಯ ಬರಲಿಲ್ಲ. ಸಮುದ್ರ ಗಿಮುದ್ರ ಎಲ್ಲ ಆಮೇಲೆ ಕಟ್ಟಿದ ಮಾತು’ ಎಂದರು. ನನ್ನ ಮುಂದಿದ್ದ ಪುಟದಲ್ಲಿ ಆಮೇಲೆ ಎಷ್ಟು ತಪ್ಪು ಉಳಿದವೋ ಗೊತ್ತಿಲ್ಲ.

ಬುಧವಾರ ಮೂರು ಗಂಟೆಗೆ ಸ್ನಾನದ ಮನೆಯ ಎರಡು ಕಡ್ಡಿಯೂ ಮಾಯವಾದವು. ಜೊತೆಗೆ ತಮ್ಮಿಂದ ಒಂದು ಪ್ರೀತಿಯ ಸಂದೇಶ: ‘ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸಲು ಕಾಮಗಾರಿ ನಡೆಯುತ್ತಿದೆ. ಸಂಜೆ ಏಳರವರೆಗೆ ಕೆಲವು ಮನೆಗಳ ಒಳಭಾಗದಲ್ಲಿ ಅಡಚಣೆಯಾಗಬಹುದು.’ ಅನುಭವವಂತೂ ಆಗಲೇ ಉತ್ತಮವಾಗತೊಡಗಿತ್ತು. ಅಪ್ಪ ನೀಲಿ ಅಂಗಿಯಲ್ಲಿ ಬೆವರುತ್ತಾ ರಿಜಿಸ್ಟರಿನ ಹಾಳೆ ತಿರುವುತ್ತಿದ್ದರು. ಅದರ ತುಂಬ ಸೊನ್ನೆ.

ನಮ್ಮ ಮಹಡಿಯಲ್ಲಿ ರಸ್ತೆ ಕಡೆಗೆ ಕಿಟಕಿ ಇರುವ ಮನೆ ಒಂದೇ. ಅದು ತುತ್ತೂರಿ ಮಾಸ್ತರದು. ಬ್ಯಾಂಡಿನವರಿಗೆ ತುತ್ತೂರಿ ಕಲಿಸುವ ಇವರ ವಿರುದ್ಧ, ಶಬ್ದದ ವಿಷಯವಾಗಿ, ನಾನು ಇದುವರೆಗೆ ಮೂರು ದೂರಿನ ಪತ್ರಗಳನ್ನು ಅವರ ಬಾಗಿಲ ಸಂದಿಯಲ್ಲಿ ತೂರಿಸಿದ್ದೆ. ಮೂರನೆಯದಕ್ಕೆ ಮಾತ್ರ ಉತ್ತರ ಬಂದಿತ್ತು: ‘ತಮ್ಮ ಪತ್ರದಲ್ಲಿ ಎರಡು ಕಾಗುಣಿತದ ತಪ್ಪುಗಳಿವೆ.’ ಕರಡು ತಿದ್ದುವವಳಿಗೆ! ಎರಡಲ್ಲ, ಒಂದೇ ಇತ್ತು. ಆದರೂ ಆ ದಿನದಿಂದ ನಾನು ಅವರ ಮುಖ ನೋಡಿರಲಿಲ್ಲ. ಈಗ ಹೋಗಿ ಅವರ ಬಾಗಿಲು ತಟ್ಟಿದೆ. ಒಳಗೆ ಊದುತ್ತಿದ್ದುದು ನಿಂತಿತು. ಮಾಸ್ತರು ಬಾಗಿಲು ತೆರೆದು, ನನ್ನನ್ನು ಕಂಡವರೇ, ಪತ್ರ ತೆಗೆದುಕೊಳ್ಳಲು ಕೈ ಚಾಚಿದರು. ‘ಪತ್ರ ಇಲ್ಲ,’ ಎಂದೆ, ‘ಕಿಟಕಿ ಬೇಕಿತ್ತು. ಐದು ನಿಮಿಷ.’ ವಿಷಯ ಹೇಳತೊಡಗಿದೆ. ಅವರು ಪೂರ್ತಿ ಕೇಳಲೇ ಇಲ್ಲ. ‘ಅದಕ್ಕೆ ಇಷ್ಟು ಹೊತ್ತು ಯಾಕೆ ನಿಂತಿದೀರಿ? ನಿಮ್ಮ ತಂದೆಯವರು ಎಲ್ಲಿ? ಡಾಕ್ಟ್ರೇ, ಬನ್ನಿ, ಒಂದು ಕೈ ಹಾಕಿ.’

ಅವರ ಅಂದಿನ ಶಿಷ್ಯೆ ಹಲ್ಲಿನ ವೈದ್ಯೆ. ಆಕೆ ತುತ್ತೂರಿಯನ್ನು ಸೋಫಾದ ಮೇಲಿಟ್ಟು ಬಂದರು. ನನ್ನ ಗಾಲಿಕುರ್ಚಿಯಲ್ಲಿ, ಅಂದರೆ ಕರಡು ತಿದ್ದಲು ಕೂರುವ ಚಕ್ರದ ಕುರ್ಚಿಯಲ್ಲಿ ಅಪ್ಪನನ್ನು ಕೂರಿಸಿ, ಹಿಂದಿನಿಂದ ಮಾಸ್ತರು ನೂಕುತ್ತಾ, ಮುಂದಿನಿಂದ ವೈದ್ಯೆ ಪ್ಲಾಸ್ಟರ್ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಹಿಮ್ಮುಖ ನಡೆಯುತ್ತಾ, ಎರಡು ಮನೆಗಳ ನಡುವಿನ ಪಡಸಾಲೆ ದಾಟಿದರು. ಹೊಸ್ತಿಲಿಗೆ ಚಕ್ರ ಸಿಕ್ಕಿಕೊಂಡಾಗ ಅಪ್ಪ ಹಳೆಯ ಅಭ್ಯಾಸಬಲದಿಂದ ಕೈ ಮೇಲೆತ್ತಿ, ‘ತಡೀರಿ, ಲೈನ್ ಕ್ಲಿಯರ್ ಇಲ್ಲ’ ಎಂದರು. ಮೂರು ಗಂಟೆ ಐವತ್ತೆಂಟು ನಿಮಿಷಕ್ಕೆ ಅವರು ರಸ್ತೆಯ ಕಿಟಕಿಯ ಮುಂದಿದ್ದರು. ಮಾಸ್ತರು ತಮ್ಮ ಫೋನನ್ನೇ ಕೈಗಿತ್ತರು. ಐದು ಕಡ್ಡಿ! ನಾನು ಆರು ವರ್ಷದಲ್ಲಿ ಐದನೆಯ ಕಡ್ಡಿಯನ್ನು ಕಂಡದ್ದು ಅಂದೇ.

ಕರೆ ಹತ್ತಿತು. ಚಿಕ್ಕಪ್ಪನ ಮುಖ ಕಂಡದ್ದೇ ತಡ, ಹೇಗಿದ್ದೀಯ ಎಂದು ಕೂಡ ಕೇಳದೆ, ಮತ್ತೆಲ್ಲಿ ಕಡಿದುಹೋಗುವುದೋ ಎಂಬ ಭಯಕ್ಕೆ, ಅಪ್ಪ ವಾಕ್ಯದ ಬಾಲವನ್ನೇ ಮೊದಲು ಹಿಡಿದರು: ‘ಕ್ಷಮಿಸ್ಬಿಡು ಕಣೋ ನನ್ನ. ಹೇಳಬೇಕಿತ್ತು ನಿಂಗೆ, ಅವತ್ತೇ. ಹೇಳಲಿಲ್ಲ ನಾನು. ಹೆದರ್ಕೊಂಡೆ, ನಿನ್ನ ಅಳುವಿಗೆ.’

ಮತ್ತೆ ಕಲ್ಲಾದರೇ ಎಂದು ನಾನು ಬಗ್ಗಿ ನೋಡಿದೆ. ಇಲ್ಲ, ಚಿಕ್ಕಪ್ಪನ ಕಣ್ಣು ಮಿಟುಕಿತು.

‘ಭಾನುವಾರ ನಾನು ಏನಂದೆ, ಕೇಳಿಸ್ತಾ ಅಣ್ಣ?’

‘ಕ್ಷಮಿಸ್ ಅಂದೆ. ಅಲ್ಲಿಗೆ ಹೋಯ್ತು.’

‘ಕ್ಷಮಿಸಲ್ಲ ಅಂದೆ,’ ಎಂದರು ಚಿಕ್ಕಪ್ಪ. ಮಾಸ್ತರು ಗೋಡೆಯ ಕಡೆ ತಿರುಗಿಕೊಂಡರು. ‘ಜೋರಾಗೇ ಅಂದೆ. ಅಂದ್ಮೇಲೂ ಬಿಡಲಿಲ್ಲ, ಹತ್ತು ನಿಮಿಷ ಬೈದೆ. ಹನ್ನೊಂದು ವರ್ಷದಿಂದ ಕೂಡಿಟ್ಟಿದ್ದೆಲ್ಲ ಬೈದೆ. ನೀನು ಒಂದು ಮಾತೂ ಆಡಲಿಲ್ಲ. ನನ್ನ ಮುಖ ನೋಡ್ಕೊಂಡು, ಹಲ್ಲು ಬಿಟ್ಕೊಂಡು, ನಗ್ತಾನೇ ಇದ್ದೆ. ತಲೆ ಮೇಲೆ ಷವರ್ರು, ಪಕ್ಕದಲ್ಲಿ ಟವೆಲ್ಲು. ಚಿಕ್ಕೋರಿದ್ದಾಗ ನಾನು ಹೊಡೆದ್ರೆ ನಿಂತು ನಗ್ತಿದ್ಯಲ್ಲ, ಹಾಗೇ. ಎಷ್ಟು ಅಂತ ಬಯ್ಯೋದು? ಖಾಲಿಯಾಗೋಯ್ತು.’ ಅವರು ಕೆಮ್ಮಿದರು. ‘ಕಟ್ಟಾಗಿದೆ ಅಂತ ಇವಳು ಬಂದು ಹೇಳಿದ್ಮೇಲೇ ಗೊತ್ತಾಗಿದ್ದು. ಅಷ್ಟರಲ್ಲಿ ಸಿಟ್ಟು ಇಳಿದೋಗಿತ್ತು, ಏನು ಮಾಡ್ಲಿ.’

ಅಪ್ಪ ನಕ್ಕರೋ ಅತ್ತರೋ ನಾನು ಹೇಳಲಾರೆ. ಹಲ್ಲಿನ ವೈದ್ಯೆ ಎರಡೂ ಎಂದು ದೃಢಪಡಿಸಿದ್ದಾರೆ. ಉಳಿದ ಮೂರು ನಿಮಿಷ ಅಣ್ಣ ತಮ್ಮಂದಿರು ಮಾತಾಡಿದ್ದು ಅಜ್ಜಿಯ ಕೊನೆಯ ವಾರದ ಬಗ್ಗೆ. ಅವರು ಏನು ಉಂಡರು, ಯಾರನ್ನು ಕೇಳಿದರು, ಎಂದೆಲ್ಲ. ನಾವು ಮೂವರೂ ಪಡಸಾಲೆಗೆ ಬಂದು ನಿಂತೆವು.

ಈಗ ತಮಗೆ ನನ್ನ ಸಂಕಟ ಅರ್ಥವಾಗಿರಬಹುದು. ತಮ್ಮ ಸೇವೆ ತಾವು ಹೇಳಿಕೊಳ್ಳುವಷ್ಟು ಅತ್ಯುತ್ತಮವಾಗಿದ್ದಿದ್ದರೆ ಆ ‘ಅಲ್ಲ’ ಎಂಬುದು ಸ್ಫುಟವಾಗಿ, ಸ್ಪಷ್ಟವಾಗಿ, ಹತ್ತು ನಿಮಿಷದ ಬೈಗುಳ ಸಮೇತ ನಮ್ಮ ಸ್ನಾನದ ಮನೆಗೆ ಬಂದು ಬೀಳುತ್ತಿತ್ತು, ಅಪ್ಪನೂ ತಿರುಗಿಸಿ ಎರಡು ಹೇಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಎರಡು ಮುದಿ ಜೀವಗಳನ್ನು ತಮ್ಮ ಟವರಿನ ಅಸಾಮರ್ಥ್ಯವೊಂದೇ ಕಾಪಾಡಿತು. ದೂರು ಬರೆಯಲು ಕೂತವಳು ಧನ್ಯವಾದ ಹೇಳುವಂತಾಗಿರುವುದು ನನ್ನ ವೃತ್ತಿಜೀವನದಲ್ಲಿ ಇದೇ ಮೊದಲು. ಹೇಳುತ್ತೇನೆ, ಸ್ವೀಕರಿಸಿ. ಆದರೆ ಇದನ್ನು ಜಾಹೀರಾತಿಗೆ ಬಳಸಿಕೊಳ್ಳಬೇಡಿ.

ಧನ್ಯವಾದ ಮುಗಿಯಿತು. ಬೇಡಿಕೆ ಉಳಿದಿದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಅಂದಿನಿಂದ ದಿನವೂ ನಾಲ್ಕಕ್ಕೆ ಅಪ್ಪನ ಸವಾರಿ ಮಾಸ್ತರ ಮನೆಗೆ ಹೊರಡುತ್ತದೆ. ಕರೆ ಐದು ನಿಮಿಷ, ಹರಟೆ ಒಂದು ಗಂಟೆ. ನಾನು ಮೂರೂ ದೂರುಗಳನ್ನು ಲಿಖಿತವಾಗಿ ಹಿಂತೆಗೆದುಕೊಂಡೆ. ಅದರ ಫಲವೆಂದರೆ, ಹೋದ ಸೋಮವಾರದಿಂದ ಅಪ್ಪ ತುತ್ತೂರಿ ಕಲಿಯಲು ಶುರುಮಾಡಿದ್ದಾರೆ. ಅಭ್ಯಾಸಕ್ಕೆಂದು ಒಂದನ್ನು ಮನೆಗೂ ತಂದಿದ್ದಾರೆ. ಅವರ ಉಸಿರು ಗಟ್ಟಿಯಾಗಿದೆ ಎಂದು ಮಾಸ್ತರು ಹೊಗಳುತ್ತಾರೆ. ನಾನದನ್ನು ಒಂದೂವರೆ ಗಜ ದೂರದಿಂದ ಅನುಮೋದಿಸುತ್ತಿದ್ದೇನೆ. ನಮ್ಮ ಮನೆಯೊಳಗೇ ಮೂರು ಕಡ್ಡಿ ಸಿಗುವಂತಾದರೆ ಅವರು ಅಲ್ಲಿಗೆ ಹೋಗುವುದು ಕಡಿಮೆಯಾದೀತು ಎಂಬ ದುರಾಸೆ ನನ್ನದು.

ಇನ್ನೊಂದು ಕಾರಣವೂ ಇದೆ. ಚಿಕ್ಕಪ್ಪನಿಗೆ ಈಗ ಉಳಿದಿರುವುದು ಪಿಸುಮಾತು ಮಾತ್ರ. ಡಾಕ್ಟರು ಇನ್ನಷ್ಟು ಬರಬಹುದು ಎನ್ನುತ್ತಾರೆ, ಬರದೆಯೂ ಇರಬಹುದು. ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೇಳುತ್ತಾರೆ. ಕೂಗಾಟವಾದರೆ ಅರ್ಧ ನುಂಗಿದರೂ ನಡೆದೀತು, ಪಿಸುಮಾತಿನಲ್ಲಿ ನುಂಗಲು ಏನೂ ಇರುವುದಿಲ್ಲ. ದಯವಿಟ್ಟು ಅದನ್ನು ಹೊತ್ತು ತರುವಷ್ಟು ಬಲವನ್ನು ತಮ್ಮ ಟವರಿಗೆ ಕರುಣಿಸಿ.

ತಮ್ಮ ವಿಶ್ವಾಸಿಯೂ, ತಮ್ಮ ವಿಶ್ವಾಸಕ್ಕೆ ಇನ್ನೂ ಕಾಯುತ್ತಿರುವವಳೂ ಆದ,

ನಾಲ್ಕನೇ ಮಹಡಿಯ ಹಿಂಭಾಗದ ಗ್ರಾಹಕಿ

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ, ಕಳೆದ ತಿಂಗಳ ನನ್ನ ಸಹಾಯವಾಣಿ ಕರೆಯ ಫಲವಾಗಿ, ತಮ್ಮ ತಂತ್ರಜ್ಞರೊಬ್ಬರು ನಮ್ಮ ಮನೆಗೆ ದಯಮಾಡಿಸಿದ್ದಾರೆ. ಬಿಳಿ ಡಬ್ಬಿಯ ಹಸಿರು ದೀಪ ನೋಡಿ, ಎಲ್ಲ ಸರಿಯಿದೆ ಎಂದು ಘೋಷಿಸಿ, ‘ದೂರು ಬಗೆಹರಿದಿದೆ’ ಎಂದು ತಮ್ಮ ಕಚೇರಿಗೆ ಇಲ್ಲಿಂದಲೇ ಕಳುಹಿಸಲು ಹೊರಟರು. ಅದು ಹೋಗುತ್ತಿಲ್ಲ. ಕಳಿಸದೆ ಹೊರಡುವಂತಿಲ್ಲವಂತೆ, ತಮ್ಮದೇ ನಿಯಮ. ಬೆಳಿಗ್ಗೆ ಹತ್ತರಿಂದ ಫೋನನ್ನು ತಲೆಯ ಮೇಲೆತ್ತಿ ಹಿಡಿದು ಮನೆಯೆಲ್ಲ ತಿರುಗುತ್ತಿದ್ದಾರೆ. ಒಳ್ಳೆಯ ಮನುಷ್ಯ, ಎರಡು ಸಲ ಚಹಾ ಕೊಟ್ಟಿದ್ದೇನೆ. ಅವರನ್ನು ತಾವು ಹುಡುಕುತ್ತಿದ್ದರೆ, ಕರೆ ಮಾಡುವ ಶ್ರಮ ತೆಗೆದುಕೊಳ್ಳಬೇಡಿ. ಯಾರನ್ನಾದರೂ ಕಳಿಸಿ ಕರೆಸಿಕೊಳ್ಳಿ.